ಜೀರುಂಡೆ ಸದ್ದು ನಿಂತಾಗ

ಸಿನಿಮಾದ ಸೌಂಡ್ ಕೆಲಸ ಮಾಡುವ ನಮಗೆ ಹೊಡೆದಾಟದ ಸೀನ್ ಬಂತೆಂದರೆ ಡೈರೆಕ್ಟರ್ ಕಡೆಯಿಂದ ಬರುವ ಮೊದಲ ಮಾತು ಹೆಚ್ಚುಕಮ್ಮಿ ಒಂದೇ: ‘ಇನ್ನೂ ಸ್ವಲ್ಪ ಜೋರಾಗಿ ಕೊಡಿ.’ ಗುಂಡು ಸಿಡಿದರೆ ಥಿಯೇಟರ್ ನಡುಗಬೇಕು, ಮೂಳೆ ಮುರಿದದ್ದು ಕೇಳಬೇಕು, ಹಿಂದೆ ಬಿಜಿಎಂ ಅಬ್ಬರಿಸಬೇಕು. ಮಿಕ್ಸಿಂಗ್ ಮಾಡುವಾಗ ನಾನೂ ಎಷ್ಟೋ ಸಲ ಏರಿಸಿಕೊಟ್ಟಿದ್ದೇನೆ. ಆದರೆ ಏರಿಸಿದಷ್ಟೂ ಭಯ ಕಡಿಮೆ ಆಗುತ್ತದೆ. ಸುಮ್ನೆ ಬಾಯಲ್ಲಿ ಹೇಳಿದರೆ ಇದನ್ನು ಯಾರೂ ನಂಬುವುದಿಲ್ಲ. ಹಾಗಾಗಿ ಕೆಲಸ ಕಲಿಯಲು ಬಂದ ಹುಡುಗರಿಗೆ ನಾನು 1968ರ ಒಂದು ಸಿನಿಮಾ ಹಾಕಿ ತೋರಿಸುತ್ತೇನೆ.

ಸೆರ್ಜಿಯೋ ಲಿಯೋನೆ ಅವರ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’. ಅಮೆರಿಕದಲ್ಲಿ ನಡೆಯುವ ಕತೆ, ಮಾಡಿದವರು ಇಟಲಿಯವರು. ಕತೆ ಕಟ್ಟುವಾಗ ಲಿಯೋನೆ ಜೊತೆ ಬರ್ನಾರ್ಡೊ ಬೆರ್ಟೊಲುಚಿ ಮತ್ತು ಡಾರಿಯೊ ಅರ್ಜೆಂಟೊ ಇದ್ದರು. ಅರ್ಜೆಂಟೊ ಮುಂದೆ ಹಾರರ್ ಸಿನಿಮಾಗಳಿಗೆ ಹೆಸರಾದವರು. ಸೇಡಿನ ಕತೆ ಇದು. ನೀವಿನ್ನೂ ನೋಡಿಲ್ಲವಾದರೆ ಮೊದಲು ನೋಡಿ ಬನ್ನಿ. ಕೊನೆಯ ಗುಟ್ಟು ಬಿಡಿಸದೆ ನನ್ನ ಮಾತು ಪೂರ್ತಿ ಆಗುವುದಿಲ್ಲ.

ಮರಳುಗಾಡಿನ ನಡುವೆ ಒಂದು ಮನೆ. ಜಾಗದ ಹೆಸರು ಸ್ವೀಟ್‌ವಾಟರ್. ಆ ಸೆಟ್ ಹಾಕಿದ್ದು ಸ್ಪೇನ್‌ನ ಅಲ್ಮೇರಿಯಾ ಹತ್ತಿರದ ತಬೆರ್ನಾಸ್ ಬಯಲಿನಲ್ಲಿ. ಮ್ಯಾಕ್‌ಬೇನ್ ಎಂಬ ಐರಿಶ್ ಮನುಷ್ಯ, ಅವನ ಮೂರು ಮಕ್ಕಳು. ಹೊಸ ಹೆಂಡತಿ ನ್ಯೂ ಆರ್ಲಿಯನ್ಸ್‌ನಿಂದ ರೈಲಿನಲ್ಲಿ ಬರುವ ದಿನ. ಅಂಗಳದಲ್ಲಿ ಮೇಜುಗಳನ್ನು ಹಾಕಿದ್ದಾರೆ, ಮಗಳು ಹಾಡು ಗುನುಗುತ್ತಾ ಊಟಕ್ಕೆ ಅಣಿ ಮಾಡುತ್ತಿದ್ದಾಳೆ. ಹಿಂದೆ ಜೀರುಂಡೆಗಳ ಸದ್ದು ಒಂದೇ ಸಮ ಕೇಳುತ್ತಿದೆ. ಕೇಳುತ್ತಿದೆ ಅಂತ ನಮಗೆ ಗೊತ್ತೂ ಆಗುವುದಿಲ್ಲ. ಕಿವಿಯ ಗುಣವೇ ಅದು. ಒಂದೇ ರೀತಿ ಬರುತ್ತಿರುವ ಸದ್ದನ್ನು ಅದು ಸ್ವಲ್ಪ ಹೊತ್ತಿಗೆ ಮರೆತುಬಿಡುತ್ತದೆ.

ಥಟ್ಟನೆ ಜೀರುಂಡೆ ನಿಲ್ಲುತ್ತದೆ.

ಅಪ್ಪ ತಲೆ ಎತ್ತುತ್ತಾನೆ. ಸುತ್ತಲೂ ಕುರುಚಲು ಗಿಡ, ಒಬ್ಬ ಮನುಷ್ಯನೂ ಕಾಣುವುದಿಲ್ಲ. ಅಜ್ಜಿಯ ಮನೆ ಮಲೆನಾಡಿನಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಜಗಲಿಯಲ್ಲಿ ಕೂತಿರುವಾಗ ತೋಟದ ಕಡೆ ಕಿರ್ರೆನ್ನುತ್ತಿದ್ದದ್ದು ಒಮ್ಮೆಲೇ ನಿಂತರೆ ನಮ್ಮಜ್ಜಿ ಮಾತು ನಿಲ್ಲಿಸಿ ‘ಯಾರೋ ಬಂದ್ರು ನೋಡು’ ಅನ್ನುತ್ತಿದ್ದರು. ಎಷ್ಟೋ ಸಲ ಸರಿಯಾಗಿಯೇ ಇರುತ್ತಿತ್ತು. ಹತ್ತಿರ ಹೆಜ್ಜೆ ಬಿದ್ದರೆ ಹುಳು ಸುಮ್ಮನಾಗುತ್ತದೆ. ಲಿಯೋನೆ ಹಿಡಿದಿರುವುದು ಇದೇ ಹಳೇ ಭಯವನ್ನು. ಅದಕ್ಕೆ ಯಾವ ಭಾಷೆಯೂ ಬೇಕಿಲ್ಲ.

ಆಮೇಲೆ ಹಕ್ಕಿಗಳು ಪುರ್ರನೆ ಹಾರುತ್ತವೆ. ಮಗಳು ನಗುತ್ತಾ ಅವನ್ನೇ ನೋಡುತ್ತಾಳೆ. ಗುಂಡಿನ ಸದ್ದು. ಯಾರೋ ಹಕ್ಕಿಗೆ ಹೊಡೆದರು ಅಂತಲೇ ನಮಗೆ ಅನಿಸುವುದು, ಸ್ವಲ್ಪ ಮುಂಚೆ ಅಪ್ಪ ಸಣ್ಣ ಮಗನ ಜೊತೆ ಬೇಟೆ ಆಡಿದ್ದನ್ನು ಕಂಡಿದ್ದೇವಲ್ಲ. ನೋಡಿದರೆ ಬೀಳುವವಳು ಹುಡುಗಿ. ಅವಳ ಕಡೆ ಓಡುವ ಅಪ್ಪ ಅರ್ಧ ದಾರಿಯಲ್ಲೇ ಬೀಳುತ್ತಾನೆ. ದೊಡ್ಡ ಮಗನೂ ಉಳಿಯುವುದಿಲ್ಲ. ಹೊಡೆದವರು ಯಾರು, ಎಲ್ಲಿದ್ದಾರೆ, ಒಂದೂ ಕಾಣುವುದಿಲ್ಲ.

ಗುಂಡಿನ ಸದ್ದಿಗೆ ಸಣ್ಣ ಹುಡುಗ ಮನೆಯೊಳಗಿಂದ ಓಡಿ ಬರುತ್ತಾನೆ, ಅಂಗಳ ನೋಡಿ ನಿಂತುಬಿಡುತ್ತಾನೆ. ಇಷ್ಟು ಹೊತ್ತು ತಡೆದಿಟ್ಟ ಸಂಗೀತವನ್ನು ಎನ್ನಿಯೋ ಮೊರಿಕೋನೆ ಇಲ್ಲಿ ಬಿಡುತ್ತಾರೆ. ಎಲೆಕ್ಟ್ರಿಕ್ ಗಿಟಾರ್ ಗರಗಸದ ಹಾಗೆ ಕೊಯ್ಯುತ್ತದೆ. ಹೊಡೆದ ಗುಂಡಿಗಿಂತ ಈ ಗಿಟಾರ್ ಜಾಸ್ತಿ ನೋಯಿಸುತ್ತದೆ. ಯಾಕೆಂದರೆ ಅದು ಬರುವುದು ಸತ್ತವರ ಮೇಲಲ್ಲ, ಬದುಕುಳಿದವನ ಮುಖದ ಮೇಲೆ.

ಗಿಡಗಳ ನಡುವಿನಿಂದ ಉದ್ದ ಕೋಟಿನ ಗಂಡಸರು ಎದ್ದು ಬರುತ್ತಾರೆ. ಅವಸರ ಇಲ್ಲ. ಕ್ಯಾಮೆರಾ ಅವರ ನಾಯಕನ ಬೆನ್ನಿನಿಂದ ನಿಧಾನಕ್ಕೆ ಸುತ್ತಿ ಮುಖಕ್ಕೆ ಬರುತ್ತದೆ. ಹೆನ್ರಿ ಫೋಂಡಾ! ಅಂದಿನ ಅಮೆರಿಕದ ಪ್ರೇಕ್ಷಕರಿಗೆ ಆ ಮುಖ ಅಂದರೆ ಒಳ್ಳೆಯತನ. 1939ರಲ್ಲಿ ಲಿಂಕನ್ ಪಾತ್ರ ಮಾಡಿದ್ದ ಮುಖ ಅದು. ಖಳನಾಯಕ ಅಲ್ವಾ ಅಂತ ಫೋಂಡಾ ಮೀಸೆ ಬಿಟ್ಟು, ಕಣ್ಣಿಗೆ ಕಂದು ಲೆನ್ಸ್ ಹಾಕಿಕೊಂಡು ಸೆಟ್‌ಗೆ ಬಂದಿದ್ದರಂತೆ. ಲಿಯೋನೆ ಎರಡನ್ನೂ ತೆಗೆಸಿದರು. ಅವರಿಗೆ ಬೇಕಿದ್ದದ್ದೇ ಆ ತಿಳಿ ನೀಲಿ ಕಣ್ಣು.

ಗುಂಪಿನವನೊಬ್ಬ, ಈ ಹುಡುಗನನ್ನು ಏನು ಮಾಡೋಣ ಅಂತ ಕೇಳುವಾಗ ನಾಯಕನನ್ನು ‘ಫ್ರಾಂಕ್’ ಎಂದು ಕರೆದುಬಿಡುತ್ತಾನೆ. ಹೆಸರು ಹೊರಬಿತ್ತು. ಹುಡುಗನ ಗತಿ ಅಲ್ಲಿಗೇ ತೀರ್ಮಾನವಾಯಿತು. ಫ್ರಾಂಕ್ ನಗುತ್ತಾನೆ, ಪಿಸ್ತೂಲು ಎತ್ತುತ್ತಾನೆ. ಗುಂಡು ಸಿಡಿದದ್ದೇ ಕಟ್, ರೈಲಿನ ಸಿಳ್ಳೆ. ಗುಂಡಿನ ಸದ್ದು ಎಲ್ಲಿ ಮುಗಿಯಿತು, ಸಿಳ್ಳೆ ಎಲ್ಲಿ ಶುರುವಾಯಿತು ಹೇಳಲು ಆಗುವುದಿಲ್ಲ. ಹುಡುಗ ಬಿದ್ದದ್ದನ್ನು ನಾವು ನೋಡುವುದಿಲ್ಲ. ಅವನು ಕಿರುಚಿದ್ದನ್ನೂ ಕೇಳುವುದಿಲ್ಲ. ಅವನ ಬದಲು ರೈಲು ಕಿರುಚುತ್ತದೆ. ಅದೇ ರೈಲಿನಲ್ಲಿ ಹೊಸ ಅಮ್ಮ ಬಂದಿಳಿಯುತ್ತಾಳೆ.

ಈ ಕಟ್ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಸದ್ದಿನ ಕೆಲಸ ಮಾಡುವವರ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ. ಆಗಿನ ಇಟಲಿ ಸಿನಿಮಾಗಳಲ್ಲಿ ಸಾಮಾನ್ಯವಾಗಿ ಶೂಟಿಂಗ್ ಜಾಗದ ಸದ್ದನ್ನು ಬಳಸುತ್ತಿರಲಿಲ್ಲ. ನಮ್ಮ ಕನ್ನಡ ಸಿನಿಮಾಗಳಲ್ಲಿ ಎಷ್ಟೋ ವರ್ಷ ನಡೆದ ಹಾಗೆ, ಮಾತು, ಹೆಜ್ಜೆ, ಬಾಗಿಲು, ಗಾಳಿ ಎಲ್ಲವನ್ನೂ ಆಮೇಲೆ ಕೂರಿಸುತ್ತಿದ್ದರು. ಅಂದರೆ ಆ ಜೀರುಂಡೆಯನ್ನು ಯಾರೋ ಟ್ರ್ಯಾಕ್‌ನಲ್ಲಿ ಇಟ್ಟಿದ್ದಾರೆ, ಎಲ್ಲಿ ನಿಲ್ಲಬೇಕು ಅಂತ ಯೋಚಿಸಿ ಕತ್ತರಿಸಿದ್ದಾರೆ. ಮೊರಿಕೋನೆ ಸಂಗೀತವನ್ನು ಚಿತ್ರೀಕರಣಕ್ಕೆ ಮೊದಲೇ ಬರೆದಿದ್ದರು, ಲಿಯೋನೆ ಅದನ್ನು ಸೆಟ್‌ನಲ್ಲಿ ಹಾಕಿ ನಟರಿಗೆ ಕೇಳಿಸುತ್ತಿದ್ದರು. ಲೈವ್ ಸೌಂಡ್ ಹಿಡಿಯುತ್ತಿದ್ದರೆ ಇದು ಸಾಧ್ಯವೇ ಇರಲಿಲ್ಲ.

ನನ್ನ ಕೆಲಸದಲ್ಲಿ ಇದರಿಂದ ಕಲಿತದ್ದು ಇಷ್ಟು. ಗುಂಡನ್ನು ಏರಿಸುವ ಮೊದಲು ಅದರ ಹಿಂದಿನ ಎರಡು ಸೆಕೆಂಡ್ ಇಳಿಸಿ ನೋಡುತ್ತೇನೆ. ಪೂರ್ತಿ ಸೊನ್ನೆ ಮಾಡುವುದಿಲ್ಲ, ಮಾಡಿದರೆ ಸ್ಪೀಕರ್ ಕೆಟ್ಟಿತೇನೋ ಅಂತ ಜನ ತಿರುಗಿ ನೋಡುತ್ತಾರೆ. ತೆಳ್ಳಗೆ ಗಾಳಿ ಉಳಿಸುತ್ತೇನೆ. ಒಮ್ಮೆ ಒಂದು ಕೊಲೆಯ ಸೀನ್‌ನಲ್ಲಿ ಹೀಗೆ ಫ್ಯಾನಿನ ಕಿರಿಕಿರಿ ಮಾತ್ರ ಬಿಟ್ಟು ಉಳಿದದ್ದೆಲ್ಲ ತೆಗೆದಿದ್ದೆ. ಖಾಲಿ ಖಾಲಿ ಅನಿಸುತ್ತಿದೆ ಅಂತ ಡೈರೆಕ್ಟರ್ ಮತ್ತೆ ಡ್ರಮ್ಸ್ ತುಂಬಿಸಿದರು. ಆ ಸೀನ್ ಈಗಲೂ ಟಿವಿಯಲ್ಲಿ ಬಂದರೆ ನನಗೆ ಬೇಸರವಾಗುತ್ತದೆ.

ಆದರೆ ಈ ಸಿನಿಮಾದಲ್ಲಿ ನನ್ನನ್ನು ನಿಜಕ್ಕೂ ಹೆದರಿಸಿದ್ದು ಆ ಅಂಗಳ ಅಲ್ಲ. ಮೌತ್ ಆರ್ಗನ್.

ಚಾರ್ಲ್ಸ್ ಬ್ರಾನ್ಸನ್ ಪಾತ್ರಕ್ಕೆ ಹೆಸರಿಲ್ಲ. ಮಾತಾಡಬೇಕಾದ ಕಡೆ ಮೌತ್ ಆರ್ಗನ್ ಊದುತ್ತಾನೆ, ಎಲ್ಲರೂ ಅವನನ್ನು ಹಾಗೇ ಕರೆಯುತ್ತಾರೆ. ಎಳೆದೆಳೆದು ಬರುವ ಆ ಕರ್ಕಶ ಸ್ವರ ಫ್ರಾನ್ಕೊ ದೆ ಜೆಮಿನಿ ನುಡಿಸಿದ್ದು. ನಮಗೆ ಅದು ಹೀರೋ ಎಂಟ್ರಿಯ ಸಂಗೀತ, ಬಂದಾಗಲೆಲ್ಲ ಖುಷಿಯಾಗುತ್ತದೆ. ನಡುನಡುವೆ ಅವನ ನೆನಪಿನಲ್ಲಿ ಒಂದು ಮಸುಕು ಆಕೃತಿ ನಡೆದು ಬರುತ್ತದೆ. ಯಾರು ಅಂತ ತಿಳಿಯುವುದಿಲ್ಲ. ಹೀಗೆ ಎರಡು ಗಂಟೆಗೂ ಜಾಸ್ತಿ ಹೊತ್ತು ಲಿಯೋನೆ ಕಾಯಿಸುತ್ತಾರೆ.

ಕೊನೆಯಲ್ಲಿ ಫ್ರಾಂಕ್ ಮತ್ತು ಅವನು ಎದುರುಬದುರು ನಿಂತಾಗ ಮಸುಕು ಸರಿಯುತ್ತದೆ. ನಡೆದು ಬಂದವನು ಪ್ರಾಯದ ಫ್ರಾಂಕ್. ಕೈಯಲ್ಲಿ ಮೌತ್ ಆರ್ಗನ್. ಅದನ್ನು ಒಬ್ಬ ಹುಡುಗನ ಬಾಯಿಗೆ ತುರುಕುತ್ತಾನೆ. ಆ ಹುಡುಗ ಬೇರೆ ಯಾರೂ ಅಲ್ಲ, ಬ್ರಾನ್ಸನ್ ಪಾತ್ರವೇ. ಕ್ಯಾಮೆರಾ ಹಿಂದೆ ಸರಿದಾಗ ಕಾಣುತ್ತದೆ: ಹುಡುಗನ ಹೆಗಲ ಮೇಲೆ ಅವನ ಅಣ್ಣ ನಿಂತಿದ್ದಾನೆ, ಅಣ್ಣನ ಕುತ್ತಿಗೆಗೆ ಕಮಾನಿನಿಂದ ಇಳಿಬಿಟ್ಟ ಹಗ್ಗ. ಹುಡುಗ ಕುಸಿದರೆ ಅಣ್ಣ ಸಾಯುತ್ತಾನೆ. ಹೆಗಲ ಮೇಲೆ ಭಾರ, ತಲೆಯ ಮೇಲೆ ಬಿಸಿಲು, ಬಾಯಿ ತುಂಬಾ ಆ ವಾದ್ಯ. ಉಸಿರು ಎಳೆದರೂ ಸ್ವರ, ಬಿಟ್ಟರೂ ಸ್ವರ.

ಅಂದರೆ ಮೊದಲಿನಿಂದ ನಾವು ಖುಷಿಪಟ್ಟು ಕೇಳಿದ ಆ ರಾಗ ರಾಗವೇ ಅಲ್ಲ. ಅಣ್ಣನನ್ನು ಹೊತ್ತ ಒಂದು ಮಗುವಿನ ಏದುಸಿರು ಅದು. ಇದು ಹೊಳೆದಾಗ ನನಗೆ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ನೆತ್ತರು ಎಷ್ಟು ಚೆಲ್ಲಿದರೂ ಹೀಗೆ ಆಗುವುದಿಲ್ಲ. ನೆತ್ತರು ನೋಡಿ ಕಣ್ಣು ಮುಚ್ಚಿಕೊಳ್ಳಬಹುದು. ಇಲ್ಲಿ ನಾವು ಆಗಲೇ ಕೇಳಿಬಿಟ್ಟಿದ್ದೇವೆ.

ಹುಡುಗ ಮುಂದಕ್ಕೆ ಮಣ್ಣಿಗೆ ಬೀಳುತ್ತಾನೆ. ಅಲ್ಲಿಂದ ಮತ್ತೆ ಈ ಹೊತ್ತಿಗೆ ಕಟ್. ಗುಂಡು ತಿಂದ ಫ್ರಾಂಕ್, ನೀನು ಯಾರು ಅಂತ ಕೇಳುತ್ತಾನೆ. ಇವನು ತನ್ನ ಕುತ್ತಿಗೆಯಲ್ಲಿದ್ದ ಮೌತ್ ಆರ್ಗನ್ ಕಿತ್ತು ಫ್ರಾಂಕ್‌ನ ಬಾಯಿಗಿಡುತ್ತಾನೆ. ಫ್ರಾಂಕ್‌ಗೆ ನೆನಪಾಗುತ್ತದೆ. ಅವನ ಕೊನೆಯ ಉಸಿರು ಆ ರಂಧ್ರಗಳ ಮೂಲಕವೇ ಹೊರಬರುತ್ತದೆ, ಸಣ್ಣದಾಗಿ, ಸ್ವರ ಹಿಡಿಯದೆ. ಕಲಿಯಲು ಬಂದವರಿಗೆ ಈ ಜಾಗ ತೋರಿಸುವಾಗ ನಾನು ಪರದೆಯ ಚಿತ್ರ ಆಫ್ ಮಾಡಿ ಬರೀ ಸದ್ದು ಹಾಕುತ್ತೇನೆ.