ಓದೋ ರೀತಿಗೂ ಒಂದು ಇತಿಹಾಸ ಅದ: ಮರತೂರು, ಮಳಖೇಡ, ಕಲ್ಯಾಣ

ಕಲಬುರಗಿ ಕೋರ್ಟಿನಾಗ ಪಿತ್ರಾರ್ಜಿತ ಆಸ್ತಿ ವಾಟ್ನಿ ಸಲುವಾಗಿ ಹಾಕಿದ ದಾವಾ ಅರ್ಜಿ ತಗದು ನೋಡ್ರಿ, ಎರಡೂ ಕಡಿಯವರು ಮಿತಾಕ್ಷರ ಹಿಂದೂ ಕಾಯ್ದೆಗೆ ಒಳಪಟ್ಟವರು ಅಂತ ಒಂದು ಸಾಲು ಇರೋದು ರೂಢಿ. ಆ ಅರ್ಜಿ ಮ್ಯಾಲ ಸಹಿ ಮಾಡೋ ಅಣ್ಣಗೂ ತಂಗಿಗೂ ಭಾಳ ಸಲ ಗೊತ್ತಿರಂಗಿಲ್ಲ, ಮಿತಾಕ್ಷರ ಅನ್ನೋದು ಯಾವ ಸರಕಾರನೂ ಪಾಸ್ ಮಾಡಿದ ಕಾಯ್ದೆ ಅಲ್ಲ, ಅದೊಂದು ವ್ಯಾಖ್ಯಾನ, ಯಾಜ್ಞವಲ್ಕ್ಯ ಸ್ಮೃತಿ ಅನ್ನೋ ಹಳೇ ಗ್ರಂಥವನ್ನ ಒಬ್ಬ ಪಂಡಿತ ಹೆಂಗ ಓದಿದ ಅನ್ನೋದರ ದಾಖಲೆ. ಬರದವರು ವಿಜ್ಞಾನೇಶ್ವರ. ಶಹಾಬಾದ ಹತ್ರ ಇರೋ ಮರತೂರು ಅವರ ಊರು ಅಂತ ನಮ್ಮ ಭಾಗದಾಗ ಹೇಳ್ತಾರ. ಬರದದ್ದು ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಾಗ, ಅಂದ್ರ 1076ರಿಂದ 1126ರ ನಡುವ. ಕಲ್ಯಾಣದಂಥ ಪಟ್ಟಣ ಹಿಂದ ಇರಲಿಲ್ಲ, ಈಗಿಲ್ಲ, ಮುಂದ ಆಗಂಗಿಲ್ಲ ಅಂತ ಗ್ರಂಥದ ಕೊನಿಗೆ ಅವರೇ ಬರಕೊಂಡಾರ. ಅದೇ ಇವತ್ತಿನ ಬಸವಕಲ್ಯಾಣ.

ಪಠ್ಯದಾಗ ಇರೋ ಅರ್ಥನ, ಅದರ ಹಿಂದಿನ ಮೌಲ್ಯನ ಹೆಂಗ ಬಿಡಿಸಬೇಕು ಅನ್ನೋ ಮಾತು ಬಂದ್ರ ನಮ್ಮ ಎಂಎ ಕ್ಲಾಸುಗಳಾಗ, ಸೆಮಿನಾರುಗಳಾಗ ಮೊದಲು ಕೇಳೋದು ಯುರೋಪಿನ ಹೆಸರುಗಳು. ಅವೂ ಬೇಕು, ಬ್ಯಾಡ ಅನ್ನಂಗಿಲ್ಲ. ಆದ್ರ ಈ ಕೆಲಸ ಭಾಳ ಗಂಭೀರವಾಗಿ, ನಿಯಮ ಇಟ್ಕೊಂಡು, ಒಬ್ಬರ ಓದನ್ನ ಇನ್ನೊಬ್ಬರು ಪರೀಕ್ಷಾ ಮಾಡೋ ಹಂಗ ನಡದ ಜಾಗಗಳು ನಮ್ಮ ಬಸ್ ಸ್ಟ್ಯಾಂಡಿನಿಂದ ಅರ್ಧ ದಿನದಾಗ ಹೋಗಿ ಬರೋ ದೂರದಾಗ ಅವ ಅನ್ನೋದನ್ನ ನಮ್ಮ ಹುಡುಗರಿಗೆ ಯಾರೂ ಹೇಳಂಗಿಲ್ಲ, ಅದಕ್ಕ ಈ ಹಿನ್ನೆಲೆ.

ಮೊದಲು ವಿಜ್ಞಾನೇಶ್ವರರ ಓದು ಹೆಂಗಿತ್ತು ನೋಡೋಣು. ಹೆಣ್ಣುಮಕ್ಕಳ ಸ್ವಂತ ಆಸ್ತಿ, ಅಂದ್ರ ಸ್ತ್ರೀಧನ ಯಾವುದು ಅಂತ ಹೇಳೋವಾಗ ಯಾಜ್ಞವಲ್ಕ್ಯ ಒಂದು ಪಟ್ಟಿ ಕೊಡ್ತಾನ: ಅಪ್ಪ, ಅವ್ವ, ಗಂಡ, ಅಣ್ತಮ್ಮರು ಕೊಟ್ಟದ್ದು, ಮದುವಿ ಅಗ್ನಿ ಮುಂದ ಬಂದದ್ದು, ಗಂಡ ಇನ್ನೊಂದು ಮದುವಿ ಆಗೋವಾಗ ಮೊದಲಿನಾಕಿಗೆ ಕೊಟ್ಟದ್ದು, "ಆದ್ಯ" ಅಂದ್ರ ಇಂಥವು ಇನ್ನೂ. ಈ ಕೊನೇ ತುಣುಕನ್ನ ವಿಜ್ಞಾನೇಶ್ವರರು ಹಗುರಾಗಿ ದಾಟಿ ಹೋಗಲಿಲ್ಲ. ವಾರಸಾಗಿ ಬಂದದ್ದು, ಖರೀದಿ ಮಾಡಿದ್ದು, ವಾಟ್ನಿಯಾಗ ಬಂದದ್ದು, ಸ್ವಾಧೀನ ಮಾಡ್ಕೊಂಡದ್ದು, ಸಿಕ್ಕದ್ದು ಎಲ್ಲಾ ಇದರೊಳಗ ಬರ್ತಾವ ಅಂದರು. ಅದಕ್ಕ ಕಾರಣನೂ ಕೊಟ್ಟರು: ಸ್ತ್ರೀಧನ ಅನ್ನೋ ಶಬ್ದಕ್ಕ ಸಹಜ ಅರ್ಥ ಹೊಂದಾಣಿಕಿ ಆಗ್ತಿರೋವಾಗ ಅದನ್ನ ಪಾರಿಭಾಷಿಕ ಶಬ್ದ ಅಂತ ಬಿಗಿ ಮಾಡೋದು ಯೋಗ್ಯ ಅಲ್ಲ. ಬಂಗಾಲದಾಗ ದಾಯಭಾಗ ಅನ್ನೋ ವಾರಸಾ ಗ್ರಂಥ ಬರದ ಜೀಮೂತವಾಹನನ ಕೈಯಾಗಿನ ಪಾಠದಾಗ, ಅಂದ್ರ ಅವನ ಹತ್ರ ಇದ್ದ ಶ್ಲೋಕದ ರೂಪದಾಗ, ಆ "ಆದ್ಯ" ಇಲ್ಲ, ಹಂಗಾಗಿ ಅಲ್ಲಿ ಓದು ಬ್ಯಾರೆ ದಾರಿ ಹಿಡಿತು.

ಮುಂದ ಆದದ್ದು ಇನ್ನೂ ಗಮನಿಸೋ ಮಾತು. 1810ರಾಗ ಕೋಲ್‌ಬ್ರೂಕ್ ಅನ್ನೋ ಇಂಗ್ಲಿಷ್ ವಿದ್ವಾಂಸ ಮಿತಾಕ್ಷರದ ದಾಯವಿಭಾಗದ, ಅಂದ್ರ ಆಸ್ತಿ ವಾಟ್ನಿಯ ಭಾಗ ಅಷ್ಟೇ ಇಂಗ್ಲಿಷಿಗೆ ತಂದ. ಆಚಾರದ ಭಾಗ, ಪ್ರಾಯಶ್ಚಿತ್ತದ ಭಾಗ ಹೊರಗ ಉಳದವು, ಆದ್ರ ಸಪಿಂಡ ಅಂದ್ರ ಯಾರು, ರಕ್ತಸಂಬಂಧ ಹೆಂಗ ಲೆಕ್ಕ ಹಾಕಬೇಕು ಅನ್ನೋ ವಿಜ್ಞಾನೇಶ್ವರರ ವಿವರಣೆ ಇರೋದು ಆಚಾರದ ಭಾಗದಾಗ, ಮದುವಿ ಪ್ರಕರಣದಾಗ. ಒಂದೇ ಶರೀರದ ಅಂಶ ಹಂಚಿಕೊಂಡವರು ಸಪಿಂಡರು ಅಂತ ಅವರು ಹೇಳ್ಯಾರ, ಪಿಂಡ ಇಡೋ ಅಧಿಕಾರದ ಮ್ಯಾಲ ವಾರಸಾ ನಿಂತದ ಅನ್ನೋದು ದಾಯಭಾಗದ ದಾರಿ. ಗ್ರಂಥ ತುಂಡಾದ್ರ ಅರ್ಥನೂ ತುಂಡಾಗ್ತದ. ಸ್ತ್ರೀಧನದ ವಿಷಯದಾಗೂ ಬ್ರಿಟಿಷರ ಕಾಲದ ಕೊನೇ ಅಪೀಲು ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ವಿಜ್ಞಾನೇಶ್ವರರ ವಿಶಾಲ ಓದನ್ನ ಒಪ್ಪಲಿಲ್ಲ, ವಾರಸಾಗಿ ಬಂದ ಆಸ್ತಿ ಮ್ಯಾಲ ಹೆಣ್ಣುಮಕ್ಕಳಿಗೆ ಇರೋದು ಸೀಮಿತ ಹಕ್ಕು ಅಷ್ಟೇ ಅಂತ ತೀರ್ಪು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಬಂದ ಮ್ಯಾಲೇ ಆಕಿ ಪೂರ್ಣ ಮಾಲೀಕಳು ಆದದ್ದು.

ಹಂಗಂತ ವಿಜ್ಞಾನೇಶ್ವರರನ್ನ ಇವತ್ತಿನ ಸಮಾನತೆಯ ವಕೀಲರನ್ನಾಗಿ ಮಾಡೋದು ಸರಿ ಅಲ್ಲ. ಹುಟ್ಟಿನಿಂದಲೇ ಆಸ್ತಿಯಾಗ ಹಕ್ಕು ಅಂದದ್ದು ಗಂಡುಮಕ್ಕಳಿಗೆ. ಮಗಳಿಗೆ ಅದೇ ಹಕ್ಕು ಕರ್ನಾಟಕದಾಗ 1994ರ ತಿದ್ದುಪಡಿಯಿಂದ ಬಂತು, ಇಡೀ ದೇಶಕ್ಕ 2005ರಾಗ ಬಂತು, ತಿದ್ದುಪಡಿ ಬರೋದಕ್ಕಿಂತ ಮೊದಲೇ ಅಪ್ಪ ತೀರಿಕೊಂಡಿದ್ರೂ ಮಗಳ ಹಕ್ಕು ನಿಲ್ತದ ಅನ್ನೋದು ಸುಪ್ರೀಂ ಕೋರ್ಟಿನ 2020ರ ತೀರ್ಪಿನಿಂದ ಖಾತ್ರಿ ಆಯ್ತು. ಅದೂ ಕಾಯ್ದೆಯ ಒಂದು ಕಲಮನ್ನ ಹೆಂಗ ಓದಬೇಕು ಅನ್ನೋ ತಕರಾರೇ ಆಗಿತ್ತು. ನಮ್ಮ ಕಡಿ ಇನ್ನೂ ಅಕ್ಕತಂಗೇರ ಹತ್ರ ಹಕ್ಕು ಬಿಟ್ಟಿದ್ದೀವಿ ಅಂತ ಸಹಿ ಹಾಕಿಸ್ಕೊಳ್ಳೋದು ನಿಂತಿಲ್ಲ, ಅದು ನೋಡಿ ಸಂಕಟ ಆಗ್ತದ.

ಇಂಥ ಓದಿಗೆ ನಿಯಮ ಎಲ್ಲಿಂದ ಬಂದವು? ಬಹುಪಾಲು ಮೀಮಾಂಸೆಯಿಂದ, ಅಂದ್ರ ವೇದವಾಕ್ಯದ ಅರ್ಥ ಹೆಂಗ ಬಿಡಿಸಬೇಕು ಅಂತ ಹೇಳೋ ಶಾಸ್ತ್ರದಿಂದ. ಎರಡು ವಾಕ್ಯ ಒಂದಕ್ಕೊಂದು ಹೊಂದದಿದ್ದಾಗ ಯಾವುದಕ್ಕ ಹೆಚ್ಚು ತೂಕ, ನೇರ ಮಾತಿಗೋ, ಶಬ್ದದ ಸೂಚನೆಗೋ, ವಾಕ್ಯಕ್ಕೋ, ಪ್ರಕರಣಕ್ಕೋ ಅಂತ ಅದರ ಮೂಲಗ್ರಂಥ ಜೈಮಿನಿ ಸೂತ್ರದಾಗೇ ಕ್ರಮ ಹಾಕ್ಯಾರ. ಅದರ ಜೊತಿಗೆ ವೇದಾಂತಿಗಳು ಇಡೀ ಗ್ರಂಥದ ತಾತ್ಪರ್ಯ ಕಂಡುಹಿಡಿಯಲಿಕ್ಕ ಆರು ಗುರುತು ಬಳಸ್ತಿದ್ದರು. ಮಳಖೇಡದ ಜೊತಿ ಹೆಸರು ಬೆಸೆದುಕೊಂಡ 14ನೇ ಶತಮಾನದ ಜಯತೀರ್ಥರು ಈ ಪರಂಪರೆಯ ದೊಡ್ಡ ವ್ಯಾಖ್ಯಾನಕಾರರು, ಅವರಿಗೆ ಟೀಕಾಚಾರ್ಯ ಅಂತಲೇ ಹೆಸರು. ಆರು ಗುರುತು ಇವು: ಶುರುವೂ ಮುಗಿತಾಯವೂ ಏನು ಹೇಳ್ತಾವ, ಯಾವ ಮಾತು ಮತ್ತ ಮತ್ತ ಬರ್ತದ, ಬ್ಯಾರೆ ಎಲ್ಲೂ ಸಿಗದ ಹೊಸ ಮಾತು ಯಾವುದು, ಇದರಿಂದ ಸಿಗೋ ಫಲ ಏನಂತ ಹೇಳ್ಯದ, ಯಾವುದನ್ನ ಹೊಗಳ್ಯದ ಅಥವಾ ತೆಗಳ್ಯದ, ಯಾವುದಕ್ಕ ಯುಕ್ತಿ ಕೊಟ್ಟದ.

ಈ ಗುರುತುಗಳನ್ನ ಹುಟ್ಟುಹಾಕಿದವರು ಒಪ್ಪದ ಗ್ರಂಥದ ಮ್ಯಾಲೂ ಇವನ್ನ ಹಚ್ಚಿ ನೋಡಬಹುದು. ಬಸವಣ್ಣನವರ "ಕಳಬೇಡ ಕೊಲಬೇಡ" ತಗೊಳ್ರಿ. ಶಾಲಿ ಗ್ವಾಡಿ ಮ್ಯಾಲ ಬರದು ಬರದು ಅದು ಒಳ್ಳೇ ನಡತೆಯ ಪಟ್ಟಿ ಅಂತ ಅನಿಸಿಬಿಟ್ಟದ. ಈಗ ಗುರುತು ಹಚ್ಚಿ ಓದ್ರಿ. ಬೇಡ ಅನ್ನೋದು ಏಳು ಸಲ ಬರ್ತದ, ಆಮ್ಯಾಲ ಇದೇ ಅನ್ನೋದು ಮೂರು ಸಲ: ಇದೇ ಅಂತರಂಗಶುದ್ಧಿ, ಇದೇ ಬಹಿರಂಗಶುದ್ಧಿ, ಇದೇ ನಮ್ಮ ಕೂಡಲಸಂಗಮದೇವರನೊಲಿಸುವ ಪರಿ. ಶುರು ಆದದ್ದು ನಡತೆಯಿಂದ, ಮುಗಿದದ್ದು ಶುದ್ಧಿ ಮತ್ತ ದೇವರ ಒಲುಮೆಯೊಳಗ. ಕಳಬ್ಯಾಡ, ಸುಳ್ಳಾಡಬ್ಯಾಡ ಅನ್ನೋದನ್ನ ಎಲ್ಲರೂ ಹೇಳಿದ್ದರು, ಹೊಸದು ಅದಲ್ಲ. ಅಂತರಂಗಶುದ್ಧಿ ನಡತೆಯಿಂದ ಅಂದ್ರೂ ಒಪ್ಪೋರು ಇದ್ದರು. ಬಹಿರಂಗಶುದ್ಧಿನೂ ಇದೇ ಅಂದದ್ದು ಹೊಸದು. ಹೊರಗಿನ ಶುದ್ಧಿ ಅಂದ್ರ ಮಡಿ, ಮೈಲಿಗಿ, ನೀರು, ಹುಟ್ಟು ಅಂತ ತೀರ್ಮಾನ ಆಗಿದ್ದ ಸಮಾಜದಾಗ ನಿಂತು ಬಸವಣ್ಣನವರು ಹೊರಗಿನ ಶುದ್ಧಿನೂ ನಿನ್ನ ಕೈ, ನಿನ್ನ ಬಾಯಿ ಮಾಡೋದ್ರಾಗೇ ಅದ ಅಂದರು, "ಇದೇ" ಅಂತ ಒತ್ತಿ ಅಂದರು. ನನಗಂತೂ ಈ ವಚನದ ಜೀವ ಇರೋದು ಅಲ್ಲೇ, ಏಳು ಬೇಡಗಳಾಗ ಅಲ್ಲ.

ವಚನಗಳ ಓದಿನ ಇತಿಹಾಸನೂ ಸಣ್ಣದಲ್ಲ. 12ನೇ ಶತಮಾನದಾಗ ಕಲ್ಯಾಣ ಒಡದು ಶರಣರು ಚದುರಿದ ಮ್ಯಾಲ ಸುಮಾರು ಇನ್ನೂರೈವತ್ತು ವರ್ಷಕ್ಕ, 15ನೇ ಶತಮಾನದಾಗ, ಶಿವಗಣಪ್ರಸಾದಿ ಮಹಾದೇವಯ್ಯ ಶೂನ್ಯಸಂಪಾದನೆ ಕಟ್ಟಿದರು. ಬಿಡಿಬಿಡಿ ವಚನಗಳನ್ನ ಸಂವಾದದ ರೂಪಕ್ಕ ಜೋಡಿಸಿ, ಅಲ್ಲಮ ಕೇಳಿದ, ಅಕ್ಕ ಹಿಂಗ ಉತ್ತರ ಕೊಟ್ಟಳು ಅಂತ ಸಂದರ್ಭ ಕೊಟ್ಟರು. ಆಮ್ಯಾಲ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಅದನ್ನ ಮತ್ತ ತಿದ್ದಿ ಬೆಳಸಿದರು. ಅಕ್ಕ ಕಲ್ಯಾಣಕ್ಕ ಬಂದಾಗ ಅಲ್ಲಮ ಮಾಡಿದ ಪರೀಕ್ಷಾ ಅಂತ ಶ್ರಾವಣದ ಪ್ರವಚನದಾಗ ನಾವು ಕಣ್ಣೀರು ಹಾಕಿ ಕೇಳೋ ಪ್ರಸಂಗದ ಜೋಡಣೆ ಈ ಸಂಪಾದಕರದು. ಅದರಿಂದ ಅದರ ಬೆಲಿ ಕಡಿಮಿ ಆಗಂಗಿಲ್ಲ, ಆದ್ರ ವಚನ ಹೇಳೋದು ಯಾವುದು, ಜೋಡಿಸಿದವರು ಹೇಳೋದು ಯಾವುದು ಅಂತ ಬ್ಯಾರೆ ಮಾಡಿ ಓದೋದು ಬೇಕೇ ಬೇಕು.

ತಾಳೆಗರಿ ಕಟ್ಟು ಹುಡುಕಿ ಹುಡುಕಿ ಫ.ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲನೇ ಭಾಗ ಅಚ್ಚು ಹಾಕಿಸಿದ್ದು 1923ರಾಗ. 1993ರಾಗ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಾಗ ಸರಕಾರದಿಂದ 15 ಸಂಪುಟದ ಸಮಗ್ರ ವಚನ ಬಂತು. ನಡುವಿನ ಎಪ್ಪತ್ತು ವರ್ಷದಾಗ ಪಾಠಾಂತರ ಹೋಲಿಸಿ, ಯಾವ ವಚನ ಯಾರದು ಅಂತ ಅಂಕಿತ, ಅಂದ್ರ ವಚನದ ಕೊನಿಗೆ ಬರೋ ಗುರುತಿನ ಹೆಸರು ನೋಡಿ, ಹಿಂದಿನಿಂದ ಸೇರಿಸಿದ್ದು ಬೇರ್ಪಡಿಸಿ ದುಡಿದವರ ಋಣ ದೊಡ್ಡದು, ಅವರ ಕೆಲಸದ ಮ್ಯಾಲ ನಿಂತು ನಾವು ಇವತ್ತು ಮೊಬೈಲಿನಾಗ ಒಂದು ಶಬ್ದ ಹಾಕಿ ವಚನ ಹುಡುಕ್ತೀವಿ. ಅಂಕಿತ ಎಷ್ಟು ಸೂಕ್ಷ್ಮ ಅಂದ್ರ, ಮಾತೆ ಮಹಾದೇವಿಯವರು ಬಸವಣ್ಣನವರ ವಚನದಾಗ ಕೂಡಲಸಂಗಮದೇವ ಅನ್ನೋ ಕಡಿ ಲಿಂಗದೇವ ಅಂತ ಹಾಕಿ ಪ್ರಕಟಿಸಿದ ಪುಸ್ತಕಕ್ಕ ಸರಕಾರ 1998ರಾಗ ನಿಷೇಧ ಹಾಕಿತು, 2017ರಾಗ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿತು. ನಿಷೇಧ ಸರಿಯೋ ತಪ್ಪೋ ಅನ್ನೋದು ಬ್ಯಾರೆ ಚರ್ಚೆ, ನನಗ ಪುಸ್ತಕ ನಿಷೇಧ ಎಂದೂ ಹಿಡಿಸಿಲ್ಲ. ಆದ್ರ ಪಾಠ ಬದಲು ಮಾಡೋದು ವ್ಯಾಖ್ಯಾನ ಅಲ್ಲ. ವ್ಯಾಖ್ಯಾನ ಮಾಡೋರು ಮೂಲನ ಹಂಗೇ ಇಟ್ಟು ತಮ್ಮ ಮಾತನ್ನ ಕೆಳಗ ಬರಿತಾರ, ನಮ್ಮ ಹಳೇ ಟೀಕು ಬರದವರೂ ಅದನ್ನೇ ಮಾಡ್ಯಾರ.

ಹತ್ತು ಹನ್ನೆರಡು ವರ್ಷದ ಹಿಂದ ಕನ್ನಡ ಪತ್ರಿಕೆಗಳಾಗ ಇನ್ನೊಂದು ಜೋರು ವಾಗ್ವಾದ ನಡೀತು, ವಚನ ಚಳವಳಿ ಜಾತಿ ವಿರೋಧಿ ಚಳವಳಿ ಹೌದೋ ಅಲ್ಲೋ ಅಂತ. ಜಾತಿ ಬಗ್ಗೆ ನೇರ ಮಾತಾಡೋ ವಚನ ಒಟ್ಟು ಲೆಕ್ಕದಾಗ ಭಾಳ ಕಡಿಮಿ ಅವ ಅನ್ನೋದು ಒಂದು ಕಡಿಯವರ ವಾದದಾಗ ಮುಖ್ಯ ಆಗಿತ್ತು. ಇಲ್ಲಿ ಯುರೋಪ್ ಅಮೆರಿಕದ ಕಥಿ ಸ್ವಲ್ಪ ಬೇಕಾಗ್ತದ. ಎರಡನೇ ಮಹಾಯುದ್ಧದ ಕಾಲಕ್ಕ ಅಮೆರಿಕದ ವಿದ್ವಾಂಸ ಹೆರಾಲ್ಡ್ ಲ್ಯಾಸ್‌ವೆಲ್ ಮತ್ತ ಜೊತಿಗಾರರು ಪತ್ರಿಕೆ, ಪ್ರಚಾರ ಸಾಹಿತ್ಯದಾಗ ಯಾವ ಶಬ್ದ ಎಷ್ಟು ಸಲ ಬರ್ತದ ಅಂತ ಎಣಿಸಲಿಕ್ಕ ಹತ್ತಿದರು. 1952ರಾಗ ಬರ್ನಾರ್ಡ್ ಬೆರೆಲ್ಸನ್ ಆ ವಿಧಾನಕ್ಕ ವ್ಯಾಖ್ಯೆ ಕೊಟ್ಟ, ಮ್ಯಾಲ ಕಾಣೋ ವಿಷಯನ ವಸ್ತುನಿಷ್ಠವಾಗಿ, ಕ್ರಮಬದ್ಧವಾಗಿ, ಅಂಕಿ ಸಂಖ್ಯೆಯಾಗ ವಿವರಿಸೋದು ಅಂತ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಸೀಗ್‌ಫ್ರೀಡ್ ಕ್ರಾಕೌರ್ ತಕರಾರು ತಗದ: ಪಠ್ಯ ಅನ್ನೋದು ಇಡಿಯಾಗಿ ಅರ್ಥ ಕೊಡ್ತದ, ತುಂಡು ಮಾಡಿ ಎಣಿಸಿದ್ರ ಆ ಅರ್ಥನೇ ಕೈ ತಪ್ತದ. 1960ರಾಗ ಜರ್ಮನಿಯ ತತ್ವಜ್ಞಾನಿ ಗಾಡಮರ್ ಇನ್ನೂ ಮುಂದ ಹೋಗಿ, ಓದೋನು ತನ್ನ ಕಾಲದ ಪೂರ್ವಗ್ರಹ ಹೊತ್ತುಕೊಂಡೇ ಓದ್ತಾನ, ಅದನ್ನ ಅರಿತು ಓದೋದೇ ದಾರಿ ಅಂದ.

ವಚನದ ಲೆಕ್ಕಕ್ಕ ವಾಪಸ್ ಬರ್ರಿ. ನಮ್ಮ ಹತ್ರ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನ ಅವ, ಆದ್ರ ಅವೆಲ್ಲಾ ಒಂದೇ ಕಾಲದವಲ್ಲ, ಬಸವಣ್ಣನವರ ಕಾಲದವೂ ಅವ, ಮೂರ್ನಾಲ್ಕು ಶತಮಾನದ ಆಮ್ಯಾಲ ಷಟ್‌ಸ್ಥಲ ಸಿದ್ಧಾಂತ, ಅಂದ್ರ ಭಕ್ತಿಯ ಆರು ಮೆಟ್ಟಿಲಿನ ವಿಚಾರ, ಬಿಡಿಸಿ ಬಿಡಿಸಿ ಹೇಳಿದವೂ ಅವ. ಎಲ್ಲಾ ಕೂಡಿಸಿ ಭಾಗಾಕಾರ ಮಾಡಿದ್ರ ಬರೋ ಉತ್ತರ ಯಾವ ಕಾಲದ್ದು? ಇನ್ನ ಜಾತಿ, ಕುಲ, ಹೊಲೆ ಅನ್ನೋ ಶಬ್ದ ಹಾಕಿ ಹುಡುಕಿದ್ರ "ಕಳಬೇಡ ಕೊಲಬೇಡ" ಸಿಗಂಗೇ ಇಲ್ಲ, ಬಹಿರಂಗಶುದ್ಧಿಯ ಅರ್ಥನೇ ಬದಲು ಮಾಡಿದ ವಚನ ಲೆಕ್ಕದಾಗ ಸೊನ್ನೆ ಆಗ್ತದ. ಎಣಿಕಿ ಬ್ಯಾಡ ಅಂತಲ್ಲ. ಯಾರೋ ವೇದಿಕಿ ಮ್ಯಾಲ "ವಚನದ ತುಂಬ ಇದೇ ಅದ" ಅಂತ ಅಬ್ಬರಿಸಿದಾಗ ಎಣಿಸಿ ತೋರ್ಸೋದು ಭಾಳ ಉಪಯೋಗ. ಎಣಿಸಿದ ಮ್ಯಾಲ ಕೂತು ಓದಬೇಕು, ಓದಿದ ಮ್ಯಾಲ ಮತ್ತ ಎಣಿಸಿ ಪರೀಕ್ಷಾ ಮಾಡಬೇಕು, ಎರಡೂ ಬೇಕು. ಮತ್ತ ನಾನು ಈ ನಿಯಮದಿಂದ ಓದೀನಿ ಅಂತ ಮೊದಲೇ ಹೇಳಬೇಕು, ವಿಜ್ಞಾನೇಶ್ವರರು ಹೇಳಿದ ಹಂಗ, ಅವಾಗ ಒಪ್ಪದವರಿಗೆ ಎಲ್ಲಿ ಒಪ್ಪಂಗಿಲ್ಲ ಅಂತ ತೋರ್ಸಲಿಕ್ಕ ಜಾಗ ಇರ್ತದ.

ಮಳಖೇಡದ ಇನ್ನೊಂದು ಮಾತು ಬಿಡಬಾರದು. ಸುಮಾರು 850ರಾಗ, ಇಲ್ಲಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಾಗ ಹುಟ್ಟಿದ ಕವಿರಾಜಮಾರ್ಗನ ಕೆ.ಬಿ. ಪಾಠಕರು 1898ರಾಗ ಅಚ್ಚಿಗೆ ತಂದರು. ಬರದವ ಯಾರು ಅನ್ನೋ ಜಗಳ ಭಾಳ ವರ್ಷ ನಡೀತು, ದೊರೆನೇ ಬರದಾನ ಅನ್ನೋರು ಒಂದು ಕಡಿ, ನೃಪತುಂಗದೇವಾನುಮತ ಅಂದ್ರ ದೊರೆ ಒಪ್ಪಿದ್ದು ಅಂತ ಅರ್ಥ, ಬರದವ ಶ್ರೀವಿಜಯ ಅನ್ನೋರು ಇನ್ನೊಂದು ಕಡಿ. ಗ್ರಂಥದ ಒಳಗಿನ ಸಾಕ್ಷಿ ಇಟ್ಕೊಂಡೇ ವಿದ್ವಾಂಸರು ಬಹುಮಟ್ಟಿಗೆ ಶ್ರೀವಿಜಯನ ಕಡಿ ಬಂದರು. ಕಾವ್ಯದ ದೋಷ ಗುಣ ಹೆಂಗ ಗುರುತಿಸಬೇಕು ಅಂತ ಕನ್ನಡದಾಗ ನಮಗ ಸಿಕ್ಕ ಮೊದಲ ಗ್ರಂಥ ಅದು, ಅದೇ ಗ್ರಂಥ ಪರವಿಚಾರ, ಪರಧರ್ಮ ಸೈರಿಸೋದೇ ಬಂಗಾರ ಅಂದದ.

ಇಷ್ಟೆಲ್ಲಾ ಬರದಿಟ್ಟ ಗ್ರಂಥಗಳ ಮಾತಾಯ್ತು, ನಮ್ಮ ಭಾಗದ ದೊಡ್ಡ ಆಸ್ತಿ ತತ್ವಪದ, ಅಂದ್ರ ಅನುಭಾವದ ಹಾಡು. ಕಡಕೋಳ ಮಡಿವಾಳಪ್ಪನವರ ಪದ, ಅವರ ಶಿಷ್ಯ ಬಳಗದ ಪದ, ಚನ್ನೂರ ಜಲಾಲಸಾಹೇಬರ ಪದ ಕಲಬುರಗಿ, ಯಾದಗಿರಿ ಹಳ್ಳಿಗಳಾಗ ಇವತ್ತಿಗೂ ಏಕತಾರಿ ಹಿಡಕೊಂಡು ಹಾಡ್ತಾರ. ಹಾಡೋರು ಬರೇ ಹಾಡಂಗಿಲ್ಲ, ನಡುವ ನಿಲ್ಲಿಸಿ ಒಗಟಿನಂಥ ಸಾಲಿನ ಅರ್ಥ ಬಿಡಿಸ್ತಾರ, ಈ ಸಾಲಿನಾಗಿನ ಊರು ಅಂದ್ರ ದೇಹ, ಈ ಆರು ಮಂದಿ ಕಳ್ಳರು ಅಂದ್ರ ಇವರು ಅಂತ, ಪಕ್ಕದಾಗ ಕೂತ ಇನ್ನೊಬ್ಬರು ಅದನ್ನ ಒಪ್ಪಂಗಿಲ್ಲ, ರಾತ್ರಿ ಪೂರಾ ವಾದ ನಡೀತದ. ಅಚ್ಚಾದ ಸಂಕಲನಗಳಾಗ ಪದ ಸಿಗ್ತಾವ, ಹಾಡೋರ ಈ ಅರ್ಥವಿವರಣೆ ಭಾಳ ಮಟ್ಟಿಗೆ ಸಿಗಂಗಿಲ್ಲ. ಮಿತಾಕ್ಷರ ಉಳಿದದ್ದು ವಿಜ್ಞಾನೇಶ್ವರರು ಬರದಿಟ್ಟದ್ದಕ್ಕ. ಪಿಎಚ್‌ಡಿಗೆ ವಿಷಯ ಹುಡುಕೋ ಹುಡುಗ ಹುಡುಗೇರು ಭಜನಿ ಕೂಡೋ ಮನಿಗೆ ಹೋಗಿ, ಯಾವ ಊರಾಗ ಯಾರು ಯಾವ ಸಾಲಿಗೆ ಏನು ಅರ್ಥ ಹೇಳಿದರು, ಒಪ್ಪದವರು ಏನಂದರು ಅಂತ ಎರಡನ್ನೂ ರೆಕಾರ್ಡ್ ಮಾಡಿ, ಹಾಡಿದವರ ಹೆಸರಿನ ಸಮೇತ ಬರದಿಡೋ ಕೆಲಸ ಇನ್ನೂ ಬಾಕಿ ಅದ, ಮತ್ತ ಆ ಅರ್ಥ ಗೊತ್ತಿದ್ದ ಹಿರಿಯರು ವರ್ಷವರ್ಷಕ್ಕ ಕಡಿಮಿ ಆಗ್ಲಿಕ್ಕತ್ಯಾರ.