ಎತ್ತಿಗೆ ಜ್ವರ, ಡಿಸ್ಕಿಗೆ ಬರೆ

ಮನೆಯ ಮೂಲೆಯಲ್ಲೊಂದು ಕಪ್ಪು ಪೆಟ್ಟಿಗೆ, ಅದರೊಳಗೆ ನಾಲ್ಕು ಹಾರ್ಡ್ ಡಿಸ್ಕ್‌ಗಳು. ಮನೆಮಂದಿಯ ಫೋಟೊ, ವಿಡಿಯೊ, ಕಾಗದಪತ್ರಗಳ ಸ್ಕ್ಯಾನ್ ಎಲ್ಲವೂ ಅಲ್ಲಿವೆ. ಯಾವ ಫೋನಿನಿಂದ ಕೇಳಿದರೂ ಕೊಡುತ್ತದೆ. ವರ್ಷಗಟ್ಟಲೆ ತನ್ನ ಪಾಡಿಗೆ ತಾನಿದ್ದ ಈ ಸರ್ವರ್‌ಗೆ ಒಮ್ಮೆ ವಿಚಿತ್ರ ಕಾಯಿಲೆ ಅಂಟಿಕೊಂಡಿತು. ಭಾನುವಾರ ನಸುಕಿನಲ್ಲಿ ಮೂರನೆಯ ಡಿಸ್ಕ್ ಮಾಯವಾಗುತ್ತಿತ್ತು. ಬೆಳಿಗ್ಗೆ ಸರ್ವರನ್ನು ಆರಿಸಿ ಮತ್ತೆ ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಮರಳಿ ಹಾಜರು. ಮೂರು ಭಾನುವಾರ ಸಹಿಸಿಕೊಂಡು, ನಾಲ್ಕನೆಯ ವಾರ ಹೊಸ ಡಿಸ್ಕ್ ತಂದು ಹಾಕಿದೆ. ಎರಡು ವಾರ ಎಲ್ಲವೂ ಸರಿಯಿತ್ತು. ಮೂರನೆಯ ಭಾನುವಾರ ಹೊಸದೂ ಮಾಯ.

ಹೊಚ್ಚಹೊಸ ಡಿಸ್ಕ್ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಹಳೆಯದರಂತೆಯೇ ಕೈಕೊಟ್ಟಾಗ ನನಗೆ ಬುದ್ಧಿ ಬಂತು. ಜ್ವರ ಬಂದದ್ದು ಎತ್ತಿಗೆ, ನಾನು ಬರೆ ಹಾಕಿದ್ದು ಎಮ್ಮೆಗೆ.

ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ದಿನಚರಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಸ್ಮಾರ್ಟ್ ಎಂಬ ಈ ವ್ಯವಸ್ಥೆ 1990ರ ದಶಕದಿಂದ ಬಳಕೆಯಲ್ಲಿದೆ. ತೆರೆದು ನೋಡಿದರೆ ಸಾಲು ಸಾಲು ಅಂಕಿಗಳು, ಪ್ರತಿ ಸಾಲಿಗೂ ಒಂದು ಸಂಖ್ಯೆ. ಬಹುಪಾಲು ಸಾಲುಗಳನ್ನು ನೋಡದಿದ್ದರೂ ನಡೆಯುತ್ತದೆ. ನೋಡಬೇಕಾದವು ಮೂರು. 5ನೆಯ ಸಾಲಿನಲ್ಲಿ, ಕೆಟ್ಟುಹೋದ ಮೇಲೆ ಬದಲಿ ಜಾಗ ಕೊಡಿಸಿಕೊಂಡ ಸೆಕ್ಟರ್‌ಗಳ, ಅಂದರೆ ಮಾಹಿತಿ ಬರೆದಿಡುವ ಪುಟ್ಟ ಪುಟ್ಟ ಮನೆಗಳ, ಲೆಕ್ಕವಿರುತ್ತದೆ. 197ರಲ್ಲಿ, ಓದಲು ಬಾರದೆ ತೀರ್ಪಿಗಾಗಿ ಕಾದು ಕುಳಿತ ಸೆಕ್ಟರ್‌ಗಳ ಲೆಕ್ಕ. ಈ ಎರಡು ಏರುತ್ತಿದ್ದರೆ, ಡಿಸ್ಕಿನೊಳಗೆ ತಿರುಗುವ, ಮಾಹಿತಿ ಬರೆಯುವ ತಟ್ಟೆಯಲ್ಲೇ ಕೇಡು ಶುರುವಾಗಿದೆ ಎಂದರ್ಥ. ನನ್ನ ಹಳೆಯ ಡಿಸ್ಕಿನಲ್ಲಿ ಎರಡೂ ಕಡೆ ಸೊನ್ನೆ. ಆದರೆ 199ನೆಯ ಸಾಲಿನಲ್ಲಿ 1,846 ಎಂದಿತ್ತು.

ಈ 199 ತಟ್ಟೆಯ ಕಥೆಯನ್ನು ಹೇಳುವುದೇ ಇಲ್ಲ, ದಾರಿಯ ಕಥೆಯನ್ನು ಹೇಳುತ್ತದೆ. ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವೆ ಮಾಹಿತಿ ಕಂತು ಕಂತಾಗಿ ಓಡಾಡುತ್ತದೆ. ಕಳಿಸುವವರು ಪ್ರತಿ ಕಂತಿನ ಬಿಟ್‌ಗಳನ್ನೆಲ್ಲ ಒಂದು ಗಣಿತಕ್ಕೆ ಒಡ್ಡಿ, ಬಂದ ಉತ್ತರವನ್ನು ಕಂತಿನ ಬಾಲಕ್ಕೆ ಕಟ್ಟಿ ಕಳಿಸುತ್ತಾರೆ. ಪಡೆಯುವವರು ಅದೇ ಗಣಿತವನ್ನು ಮತ್ತೆ ಮಾಡಿ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಕಂತು ದಾರಿಯಲ್ಲಿ ಕೆಟ್ಟಿದೆ. ಮತ್ತೊಮ್ಮೆ ಕಳಿಸಬೇಕು, ಲೆಕ್ಕಕ್ಕೆ ಒಂದು ಸೇರಿಸಬೇಕು. ಬರೆದ ಪತ್ರದಲ್ಲಿ ತಪ್ಪಿರಲಿಲ್ಲ, ಹೊತ್ತು ತಂದ ಚೀಲ ಮಳೆಯಲ್ಲಿ ನೆನೆದಿತ್ತು.

ದಾರಿಯೆಂದರೆ ಸಾಟಾ ಕೇಬಲ್. ಬೆರಳಗಲದ ಆ ಪಟ್ಟಿಯಲ್ಲಿ ಸೆಕೆಂಡಿಗೆ 600 ಕೋಟಿ ಬಿಟ್‌ಗಳು ಹರಿಯಬಲ್ಲವು. ತುದಿ ಕೂದಲೆಳೆಯಷ್ಟು ಸಡಿಲಗೊಂಡರೂ ಸಂಕೇತ ಮಸುಕಾಗುತ್ತದೆ. ಆಗ ಕಾರ್ಯಾಚರಣ ವ್ಯವಸ್ಥೆ ಮೊದಲು ಮತ್ತೆ ಕೇಳುತ್ತದೆ, ಆಮೇಲೆ ಸಂಪರ್ಕವನ್ನು ಹರಿದು ಹೊಸದಾಗಿ ಕಟ್ಟುತ್ತದೆ. ಆಗಲೂ ಬಗ್ಗದಿದ್ದರೆ ವೇಗವನ್ನು 6ರಿಂದ 3ಕ್ಕೆ, 3ರಿಂದ 1.5 ಗಿಗಾಬಿಟ್‌ಗೆ ಇಳಿಸುತ್ತದೆ. ಕೊನೆಗೆ ಬೇಸತ್ತು ಡಿಸ್ಕ್ ಇಲ್ಲವೇ ಇಲ್ಲ ಎಂದು ಘೋಷಿಸಿಬಿಡುತ್ತದೆ. ಸರ್ವರ್ ತನ್ನ ಆಗುಹೋಗುಗಳನ್ನು ಬರೆದಿಡುವ ಲಾಗ್ ಕಡತದಲ್ಲಿ ಈ ಮೆಟ್ಟಿಲುಗಳೆಲ್ಲ ನಿಮಿಷ ಸೆಕೆಂಡಿನ ಸಮೇತ ದಾಖಲಾಗಿದ್ದವು. ಮೂರು ವಾರ ನಾನು ಅತ್ತ ತಲೆಯನ್ನೂ ಹಾಕಿರಲಿಲ್ಲ.

ಮುಚ್ಚಳ ಬಿಚ್ಚಿ ಕುಳಿತೆ. ದೊಡ್ಡ ಕಡತಗಳನ್ನು ಗಂಟೆಗಟ್ಟಲೆ ಅತ್ತಿಂದಿತ್ತ ಸಾಗಿಸಿದರೂ 199ರ ಅಂಕಿ ಅಲುಗಲಿಲ್ಲ. ಮುಚ್ಚಳ ಹಾಕಿದೆ, ಏರತೊಡಗಿತು. ತೆಗೆದೆ, ನಿಂತಿತು. ಟಾರ್ಚ್ ಹಿಡಿದು ನೋಡಿದಾಗ ಮುಚ್ಚಳದ ಒಳಮೈಯಲ್ಲಿ ಕೇಬಲ್ ಉಜ್ಜಿದ ಸಣ್ಣ ಹೊಳಪು ಗೀರು ಕಂಡಿತು. ಮುಚ್ಚಿದಾಗಲೆಲ್ಲ ತಗಡು ಮೂರನೆಯ ಡಿಸ್ಕಿನ ಕೇಬಲನ್ನು ಒತ್ತಿ, ತುದಿಯನ್ನು ಓರೆ ಮಾಡುತ್ತಿತ್ತು. ಪರೀಕ್ಷಿಸಲೆಂದು ತೆರೆದಾಕ್ಷಣ ರೋಗಿ ಗುಣವಾಗಿಬಿಡುವ ಕಾಯಿಲೆ! ಹೊಸ ಡಿಸ್ಕ್ ಎರಡು ವಾರ ಬಾಳಿದ್ದೂ ಅದಕ್ಕೇ: ಅದನ್ನು ಹಾಕುವಾಗ ಕೇಬಲನ್ನು ಕಿತ್ತು ಬಿಗಿಯಾಗಿ ಕೂರಿಸಿದ್ದೆ. ಇನ್ನು ಭಾನುವಾರದ ರಹಸ್ಯ. ವಾರಕ್ಕೊಮ್ಮೆ ನಾಲ್ಕೂ ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ತಪಾಸಣೆ ಮಾಡಬೇಕೆಂದು ಸರ್ವರ್‌ಗೆ ನಾನೇ ಹೇಳಿದ್ದೆ. ಉಳಿದ ದಿನಗಳಲ್ಲಿ ಒಂದೆರಡು ಫೋಟೊ ದಾಟಿಸಲು ಆ ಹದಗೆಟ್ಟ ದಾರಿಯೂ ಸಾಕಾಗುತ್ತಿತ್ತು.

ಕೇಬಲ್ ಬದಲಾಯಿಸಿದ ಮೇಲೂ 199ರ ಅಂಕಿ ಸೊನ್ನೆಗೆ ಇಳಿಯುವುದಿಲ್ಲ. ಅದು ಬರೀ ಕೂಡುತ್ತದೆ, ಕಳೆಯುವುದಿಲ್ಲ. ಅಂಕಿ ಎಷ್ಟಿದೆ ಎಂಬುದಕ್ಕಿಂತ ನಿಂತಿದೆಯೋ ಏರುತ್ತಿದೆಯೋ ಎಂಬುದೇ ಮುಖ್ಯ.

ಡಿಸ್ಕ್ ನಿರಪರಾಧಿಯಾಗಿಯೂ ಹೊರಹಾಕಿಸಿಕೊಳ್ಳುವ ಇನ್ನೊಂದು ಪ್ರಸಂಗ ನನಗೆ ಇದಕ್ಕಿಂತ ಮೋಜಿನದಾಗಿ ಕಾಣುತ್ತದೆ. ಸಾಮಾನ್ಯ ಕಂಪ್ಯೂಟರಿಗೆಂದು ಮಾಡಿದ ಡಿಸ್ಕ್, ಓದಲಾಗದ ಸೆಕ್ಟರ್ ಎದುರಾದರೆ ಹಟ ಹಿಡಿಯುತ್ತದೆ. ಒಂಟಿ ಡಿಸ್ಕಿನಲ್ಲಿ ಆ ಮಾಹಿತಿಗೆ ಬೇರೆ ಪ್ರತಿ ಇರುವುದಿಲ್ಲವಾದ್ದರಿಂದ ಒಂದೆರಡು ನಿಮಿಷವಾದರೂ ಬಿಡದೆ ಯತ್ನಿಸುತ್ತದೆ. ಇಂಥ ಸರ್ವರ್‌ಗಳಲ್ಲಿ ಬಳಕೆಯಾಗುವ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಮಾತ್ರ ಸಾಮಾನ್ಯವಾಗಿ ಕಾಯುವುದು 30 ಸೆಕೆಂಡು. ಅಷ್ಟರಲ್ಲಿ ಉತ್ತರ ಬರದಿದ್ದರೆ ಡಿಸ್ಕ್ ಸತ್ತಿದೆ ಎಂದುಕೊಂಡು ಸಂಪರ್ಕ ಕಡಿಯುತ್ತದೆ. ಒಂದೇ ಒಂದು ಸೆಕ್ಟರಿನ ದೆಸೆಯಿಂದ ಇಡೀ ಡಿಸ್ಕ್ ಗುಂಪಿನಿಂದ ಹೊರಬೀಳುತ್ತದೆ. ಗುಂಪಿನಲ್ಲಿ ಅದೇ ಮಾಹಿತಿಯನ್ನು ಉಳಿದ ಡಿಸ್ಕ್‌ಗಳಿಂದ ಪಡೆಯಬಹುದಾದ್ದರಿಂದ, ಸರ್ವರ್‌ಗೆಂದೇ ಮಾಡಿದ ಡಿಸ್ಕ್‌ಗಳು ಸುಮಾರು 7 ಸೆಕೆಂಡಿಗೇ ಸೋಲೊಪ್ಪಿ, ಪಕ್ಕದವರನ್ನು ಕೇಳಿ ಎನ್ನುತ್ತವೆ. ಡಿಸ್ಕಿನ ಹಟವೂ ತಪ್ಪಲ್ಲ, ಲಿನಕ್ಸಿನ ಅವಸರವೂ ತಪ್ಪಲ್ಲ. ಇಬ್ಬರ ಗಡಿಯಾರಗಳಿಗೆ ಹೊಂದಾಣಿಕೆಯಿಲ್ಲ, ಅಷ್ಟೆ. ಡಿಸ್ಕ್ ಒಪ್ಪಿದರೆ ಅದರ ಗಡುವನ್ನು ಇಳಿಸಬಹುದು. ಒಪ್ಪದಿದ್ದರೆ ಲಿನಕ್ಸಿನ ಗಡುವನ್ನು ಮೂರು ನಿಮಿಷಕ್ಕೆ ಏರಿಸಬಹುದು.

ಪವರ್ ಸಪ್ಲೈ ಇನ್ನೊಬ್ಬ ಮೌನ ಆರೋಪಿ. ದೊಡ್ಡ ಗಾತ್ರದ ಡಿಸ್ಕ್ ನಿಂತ ಸ್ಥಿತಿಯಿಂದ ತಿರುಗಲು ಶುರುಮಾಡುವಾಗ 12 ವೋಲ್ಟಿನ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕು ಒಟ್ಟಿಗೆ ಎದ್ದರೆ ಕೆಲವು ಸೆಕೆಂಡು ನೂರು ವಾಟ್‌ಗಳ ಹತ್ತಿರ. ವೇಗ ಹಿಡಿದ ಮೇಲೆ ಒಂದೊಂದಕ್ಕೂ ಕೆಲವೇ ವಾಟ್ ಸಾಕು. ಸಪ್ಲೈ ಒಳಗೆ ವಿದ್ಯುತ್ತಿನ ಏರಿಳಿತವನ್ನು ಸಮ ಮಾಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ವರ್ಷ ಕಳೆದಂತೆ ಒಣಗುತ್ತವೆ, ಮತ್ತು ಉಷ್ಣಾಂಶ 10 ಡಿಗ್ರಿ ಏರಿದರೆ ಅವುಗಳ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರ್‌ಗಳ ಒರಟು ಲೆಕ್ಕ. ಗಾಳಿಯಾಡದ ಕಪಾಟಿನಲ್ಲಿ ಸರ್ವರನ್ನು ಬಚ್ಚಿಟ್ಟವರು ಇದನ್ನು ಗಮನಿಸಬೇಕು. ಲಾಗ್‌ನಲ್ಲಿ ಯಾವ ದೂರೂ ಇಲ್ಲದೆ ಸಾಲು ಫಕ್ಕನೆ ನಿಂತು, ಮುಂದಿನ ಸಾಲು ಹೊಸ ಆರಂಭದ್ದಾಗಿದ್ದರೆ ನಾನು ಮೊದಲು ಅನುಮಾನಿಸುವುದು ವಿದ್ಯುತ್ತನ್ನು. ಪ್ರಾಣವೇ ಹೋದಾಗ ಮರಣಪತ್ರ ಬರೆಯಲು ಪುರುಸೊತ್ತು ಎಲ್ಲಿ?

ನಾಲ್ಕೂ ಡಿಸ್ಕ್‌ಗಳಲ್ಲಿ ಏಕಕಾಲಕ್ಕೆ ತಪ್ಪು ಕಂಡುಬಂದರೆ? ನಾಲ್ಕೂ ಒಂದೇ ದಿನ ಕೆಡುವುದು ಅಪರೂಪ. ನಾಲ್ಕಕ್ಕೂ ಸಮಾನವಾದದ್ದು ಯಾವುದು ಎಂದು ಹುಡುಕಬೇಕು: ವಿದ್ಯುತ್ತು, ಡಿಸ್ಕ್‌ಗಳನ್ನು ಜೋಡಿಸುವ ಕಂಟ್ರೋಲರ್, ಮೆಮೊರಿ. ಮೆಮೊರಿಯಲ್ಲಿ ಒಂದು ಬಿಟ್ ತಿರುಚಿಕೊಂಡರೆ, ಡಿಸ್ಕ್ ಆ ತಪ್ಪನ್ನೇ ಅತ್ಯಂತ ನಿಷ್ಠೆಯಿಂದ ಬರೆದಿಡುತ್ತದೆ. ಇಂಥ ಬಿಟ್ ತಿರುಚುವಿಕೆಗೆ ಬಾಹ್ಯಾಕಾಶದ ಕಿರಣಗಳನ್ನು ದೂರುವುದು ಎಲ್ಲರಿಗೂ ಇಷ್ಟ, ಕಥೆಗೆ ಕಳೆ ಬರುತ್ತದೆ. ಆದರೆ ಗೂಗಲ್‌ನ ಸರ್ವರ್‌ಗಳನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟವಾದ ವರದಿ ಹೇಳಿದ್ದು ಬೇರೆ. ವರ್ಷವೊಂದರಲ್ಲಿ ಶೇ 8ಕ್ಕಿಂತ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ದೋಷ ಕಂಡಿತ್ತು, ಹೆಚ್ಚಿನವು ಪಟ್ಟಿಯದೇ ಶಾಶ್ವತ ಊನದಿಂದ ಬಂದಂತಿದ್ದವು. ರಾತ್ರಿಯಿಡೀ ಮೆಮೊರಿ ಪರೀಕ್ಷೆಯ ತಂತ್ರಾಂಶ ಓಡಿಸಿದರೆ ಅಂಥ ಪಟ್ಟಿ ಬಹಳಷ್ಟು ಸಲ ಸಿಕ್ಕಿಬೀಳುತ್ತದೆ.

ಸರ್ವರ್ ನಿಧಾನವಾಗಿದೆ ಎಂಬ ದೂರಿಗೆ ಹಲವು ಬಾರಿ ಪೆಟ್ಟಿಗೆಯನ್ನು ಮುಟ್ಟುವುದೇ ಬೇಡ. ಕಡತ ನಕಲಾಗುವ ವೇಗ ಸೆಕೆಂಡಿಗೆ 11 ಅಥವಾ 12 ಮೆಗಾಬೈಟ್‌ಗೆ ಕಟ್ಟಿಹಾಕಿದಂತೆ ನಿಂತಿದ್ದರೆ ನೆಟ್‌ವರ್ಕ್ ತಂತಿಯನ್ನು ನೋಡಿ. ಗಿಗಾಬಿಟ್ ವೇಗಕ್ಕೆ ತಂತಿಯೊಳಗಿನ ಎಂಟೂ ಎಳೆಗಳು ಬೇಕು. 100 ಮೆಗಾಬಿಟ್‌ಗೆ ನಾಲ್ಕು ಸಾಕು. ಆ ನಾಲ್ಕನ್ನು ಬಿಟ್ಟು ಉಳಿದವುಗಳಲ್ಲಿ ಒಂದು ಎಳೆ ತುಂಡಾದರೆ, ಎರಡು ತುದಿಯ ಯಂತ್ರಗಳು ಎಷ್ಟೋ ಸಲ ಸದ್ದಿಲ್ಲದೆ ರಾಜಿಯಾಗಿ ಹತ್ತನೆಯ ಒಂದು ಭಾಗದ ವೇಗಕ್ಕೆ ಇಳಿದುಬಿಡುತ್ತವೆ.

ಸದ್ದು ಎಂದಾಗ ನೆನಪಾಯಿತು. ಸನ್ ಮೈಕ್ರೊಸಿಸ್ಟಮ್ಸ್ ಎಂಬ ಕಂಪ್ಯೂಟರ್ ಕಂಪನಿಯ ಎಂಜಿನಿಯರ್ ಬ್ರೆಂಡನ್ ಗ್ರೆಗ್ 2008ರಲ್ಲಿ ಡಿಸ್ಕ್‌ಗಳ ಎದುರು ನಿಂತು ಗಟ್ಟಿಯಾಗಿ ಕೂಗಿ ತೋರಿಸಿದರು. ಕೂಗಿದಾಗಲೆಲ್ಲ ಡಿಸ್ಕ್‌ಗಳು ಉತ್ತರಿಸಲು ತೆಗೆದುಕೊಳ್ಳುವ ಸಮಯ ನಕ್ಷೆಯಲ್ಲಿ ಜಿಗಿಯುತ್ತಿತ್ತು. ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುವ ಓದುಮೊನೆ, ಕಂಪನಕ್ಕೆ ಗೆರೆ ತಪ್ಪುತ್ತದೆ. ಸರ್ವರನ್ನು ವಾಷಿಂಗ್ ಮೆಷಿನ್ ಪಕ್ಕದಲ್ಲಿ ಇಡದಿರುವುದು ಒಳ್ಳೆಯದು.

ಹಾಗೆಂದು ಡಿಸ್ಕ್‌ಗಳೆಲ್ಲ ಸಾಧುಗಳೇನಲ್ಲ. ಗೂಗಲ್ 2007ರಲ್ಲಿ ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಬರೆದ ಪ್ರಬಂಧದ ಪ್ರಕಾರ, ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಸಾಯುವ ಸಂಭವ, ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು. ಅದೇ ಪ್ರಬಂಧದ ಇನ್ನೊಂದು ಅಂಕಿ ನಿದ್ದೆ ಕೆಡಿಸುವಂಥದ್ದು: ಸತ್ತ ಡಿಸ್ಕ್‌ಗಳಲ್ಲಿ ಶೇ 36ಕ್ಕಿಂತ ಹೆಚ್ಚಿನವು, ಉಷ್ಣಾಂಶವನ್ನು ಬಿಟ್ಟರೆ, ದಿನಚರಿಯಲ್ಲಿ ಒಂದೇ ಒಂದು ಎಚ್ಚರಿಕೆಯನ್ನೂ ಬರೆದಿರಲಿಲ್ಲ. ಆದ್ದರಿಂದ ಸ್ಕ್ರೂಡ್ರೈವರ್ ಹಿಡಿಯುವ ಮೊದಲು, ಮುಖ್ಯವಾದದ್ದನ್ನೆಲ್ಲ ಬೇರೆ ಕಡೆಗೆ ನಕಲು ಮಾಡಿಕೊಳ್ಳಬೇಕು. ಹಲವು ಡಿಸ್ಕ್‌ಗಳನ್ನು ಒಂದಾಗಿಸುವ ರೇಡ್ ವ್ಯವಸ್ಥೆ ಬ್ಯಾಕಪ್ ಅಲ್ಲ. ಕೈತಪ್ಪಿ ಅಳಿಸಿದ ಫೋಟೊವನ್ನು ಅದು ಎಲ್ಲ ಡಿಸ್ಕ್‌ಗಳಿಂದಲೂ ಒಂದೇ ಕ್ಷಣದಲ್ಲಿ, ಚಾಚೂ ತಪ್ಪದೆ ಅಳಿಸುತ್ತದೆ. ನಕಲಾದ ಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲನ್ನೂ ಡಿಸ್ಕನ್ನೂ ಒಟ್ಟಿಗೆ ಬದಲಿಸಿದರೆ ಕಾಯಿಲೆ ವಾಸಿಯಾದರೂ ಯಾವುದರಿಂದ ಎಂದು ತಿಳಿಯುವುದಿಲ್ಲ.

ನಾನು ಬರೆ ಹಾಕಿ ಮೂಲೆಗೆ ತಳ್ಳಿದ್ದ ಆ ಹಳೆಯ ಡಿಸ್ಕನ್ನು ಆಮೇಲೆ ಇನ್ನೊಂದು ಪೆಟ್ಟಿಗೆಗೆ ಹಾಕಿ ಬ್ಯಾಕಪ್‌ಗೆ ಇಟ್ಟುಕೊಂಡೆ. ಎರಡು ವರ್ಷವಾಯಿತು, ಒಂದು ದಿನವೂ ತಪ್ಪಿಸಿಲ್ಲ. ನಿನ್ನೆ ಅದರ ದಿನಚರಿ ತೆರೆದೆ. 5ರಲ್ಲಿ ಸೊನ್ನೆ, 197ರಲ್ಲಿ ಸೊನ್ನೆ. 199ರಲ್ಲಿ ಈಗಲೂ ಅದೇ 1,846.