ಎಲ್‌ಇಡಿ ಯಾವ ಪಿನ್ನಲ್ಲಿದೆ ಅನ್ನೋದು ಬೇರೆ, ಯಾಕೆ ಮಿನುಗಬೇಕು ಅನ್ನೋದು ಬೇರೆ

ಡಿವೈಸ್ ಟ್ರೀ ಅಂದ್ರೆ ಲಿನಕ್ಸ್ ಬೋರ್ಡಿನ ಸೆಟ್ಟಿಂಗ್ಸ್ ಫೈಲು ಅಂತ ಯಾರಾದ್ರೂ ಹೇಳಿದ್ರೆ ನಂಗೆ ಮೈ ಉರಿಯುತ್ತೆ. ಸೆಟ್ಟಿಂಗ್ಸ್ ಅಲ್ಲ ಸ್ವಾಮಿ, ಬೋರ್ಡಲ್ಲಿ ಯಾವ ಚಿಪ್ಪು ಎಲ್ಲಿದೆ ಅಂತ ಕರ್ನಲ್‌ಗೆ, ಅಂದ್ರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ, ಹೇಳೋ ವಿವರ ಅದು, ಎಲೆಕ್ಟ್ರಿಷಿಯನ್ ಬರೆದಿಟ್ಟು ಹೋದ ವೈರಿಂಗ್ ನಕ್ಷೆ ಇದ್ದಂಗೆ.

ಯುಎಸ್‌ಬಿ ಮೌಸ್ ಚುಚ್ಚಿದ್ರೆ ಅದೇ ತನ್ನ ವೆಂಡರ್ ಐಡಿ, ಪ್ರಾಡಕ್ಟ್ ಐಡಿ ಒಪ್ಪಿಸುತ್ತೆ. ಚಿಪ್ಪುಗಳು ಎರಡೇ ತಂತಿಯಲ್ಲಿ ಮಾತಾಡೋ ಐ2ಸಿ ಬಸ್ಸಲ್ಲಿರೋ ಎಲ್ಎಂ75 ಟೆಂಪರೇಚರ್ ಸೆನ್ಸರ್‌ಗೆ ಆ ಬಾಯಿಲ್ಲ. ಹೆಕ್ಸ್ 48ನೇ ಅಡ್ರೆಸ್ ಕೂಗಿದ್ರೆ ಹೂಂ ಅನ್ನುತ್ತೆ ಅಷ್ಟೇ, ಅದೇ ಅಡ್ರೆಸ್ಸಲ್ಲಿ ಎಡಿಎಸ್1115 ಅನ್ನೋ ಎಡಿಸಿ (ವೋಲ್ಟೇಜನ್ನ ಅಂಕಿ ಮಾಡೋ ಚಿಪ್ಪು) ಇದ್ರೂ ಹೂಂ ಅಂತಾನೇ ಅನ್ನುತ್ತೆ, ಯಾರಿಗೆ ಯಾವ ಡ್ರೈವರ್ ಹಾಕೋದು ಕರ್ನಲ್‌ಗೆ ಹೆಂಗ್ ಗೊತ್ತಾಗ್ಬೇಕು? ಯಾರಾದ್ರೂ ಬರೆದು ಕೊಡ್ಲೇಬೇಕು.

ಮೊದಲು ಎಆರ್‌ಎಂ ಪ್ರೊಸೆಸರುಗಳ ಲೋಕದಲ್ಲಿ ಇದನ್ನ ಕರ್ನಲ್ ಒಳಗೇ ಬೋರ್ಡಿಗೊಂದು ಸಿ ಫೈಲ್ ಮಾಡಿ ತುರುಕ್ತಿದ್ರು. 2011ರಲ್ಲಿ ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಈ ರಾದ್ಧಾಂತದ ಮೇಲೆ ಬಹಿರಂಗವಾಗೇ ರೇಗಿದ್ರು. ಮದ್ದಾಗಿ ಬಂದ ಡಿವೈಸ್ ಟ್ರೀ ಹೊಸದೇನಲ್ಲ, ಸನ್ ಕಂಪನಿಯ ವರ್ಕ್‌ಸ್ಟೇಷನ್‌ಗಳ ಓಪನ್ ಫರ್ಮ್‌ವೇರ್ ಅನ್ನೋ ಬೂಟ್ ಸಾಫ್ಟ್‌ವೇರಲ್ಲಿ ಆಗ್ಲೇ ಇತ್ತು, 1994ರಲ್ಲೇ ಐಇಇಇ 1275 ಅಂತ ಸ್ಟ್ಯಾಂಡರ್ಡ್ ಕೂಡ ಆಗಿತ್ತು. ಹಾರ್ಡ್‌ವೇರ್ ವಿವರ ಹೊರಗೆ ಬಂದ್ಮೇಲೆ, 2012ರ ಡಿಸೆಂಬರಲ್ಲಿ ಬಂದ ಲಿನಕ್ಸ್ 3.7ರಿಂದ ಒಂದೇ ಎಆರ್‌ಎಂ ಕರ್ನಲ್ ಬೇರೆ ಬೇರೆ ಚಿಪ್‌ಗಳ ಮೇಲೆ ಬೂಟ್ ಆಗೋ ಹಂಗಾಯ್ತು, ಬೂಟ್‌ಲೋಡರ್ ಕೈಗೆ ಕೊಡೋ ಡಿಟಿಬಿ ಫೈಲ್ (ಕಂಪೈಲ್ ಆದ ಡಿವೈಸ್ ಟ್ರೀ) ಮಾತ್ರ ಬೇರೆ.

ಈಗ ಬೀಗಲ್‌ಬೋನ್ ಬ್ಲ್ಯಾಕ್ ಅನ್ನೋ ಪುಟ್ಟ ಲಿನಕ್ಸ್ ಬೋರ್ಡಿನ ಮೊದಲನೇ ಯೂಸರ್ ಎಲ್‌ಇಡಿ ಬಗ್ಗೆ ಡಿವೈಸ್ ಟ್ರೀ ಏನನ್ನುತ್ತೆ ನೋಡಿ. ಜಿಪಿಐಒ (ಸಾಫ್ಟ್‌ವೇರ್ ಆಡಿಸೋ ಪಿನ್ನುಗಳ) ಗುಂಪು 1ರ 21ನೇ ಪಿನ್ನು, ಆ್ಯಕ್ಟಿವ್ ಹೈ, ಅಂದ್ರೆ ಪಿನ್ನು 1 ಆದ್ರೆ ದೀಪ ಹತ್ತುತ್ತೆ. ಇದು ತಾಮ್ರದ ಸತ್ಯ, ಬೆಸುಗೆ ಕಿತ್ತು ಹಾಕಿದ್ರೆ ಮಾತ್ರ ಬದಲಾಗುತ್ತೆ. ಆದ್ರೆ ಅದರ ಕೆಳಗೇ ಡೀಫಾಲ್ಟ್ ಟ್ರಿಗರ್ ಹಾರ್ಟ್‌ಬೀಟ್ ಅಂತ, ಅಂದ್ರೆ ಎದೆಬಡಿತದಂಗೆ ಮಿನುಗು ಅಂತ, ಇನ್ನೊಂದು ಸಾಲಿದೆ! ಅದು ತಾಮ್ರ ಹೇಳಿದ್ದಲ್ಲ, ಯಾರದ್ದೋ ಆಸೆ. ಆ ಸಾಲಿನ ಪ್ರಾಪರ್ಟಿ ಹೆಸರೇ ಮೊದಲಿಗೆ ಲಿನಕ್ಸ್ ಅಂತ ಅಂಟಿಸಿಕೊಂಡಿದೆ, ಹಾರ್ಡ್‌ವೇರ್‌ಗೆ ಲಿನಕ್ಸ್ ಏನು ಸಂಬಂಧ? ಪುಣ್ಯಕ್ಕೆ ಡೀಫಾಲ್ಟ್ ಅಷ್ಟೇ, ಕರ್ನಲ್ ತನ್ನ ಡಿವೈಸ್‌ಗಳನ್ನ ಫೈಲುಗಳಾಗಿ ತೋರಿಸೋ ಸಿಸ್‌ಎಫ್‌ಎಸ್‌ಗೆ ಹೋಗಿ ಟ್ರಿಗರ್ ಫೈಲಿಗೆ none ಅಂತ ಬರೆದ್ರೆ ಮಿನುಗೋದು ನಿಲ್ಲುತ್ತೆ, ನಕ್ಷೆ ಮುಟ್ಟೋ ಹಂಗೇ ಇಲ್ಲ.

ಝೆಫೈರ್ ಅನ್ನೋ ಸಣ್ಣ ಚಿಪ್‌ಗಳ ಆಪರೇಟಿಂಗ್ ಸಿಸ್ಟಮ್‌ನವರು ಇದ್ರಲ್ಲಿ ಇನ್ನೂ ಶಿಸ್ತು: ಹಾರ್ಡ್‌ವೇರ್ ಡಿವೈಸ್ ಟ್ರೀಗೆ, ಯಾವ ಸಾಫ್ಟ್‌ವೇರ್ ಸೇರಿಸ್ಬೇಕು ಅನ್ನೋದು ಕೆ-ಕಾನ್ಫಿಗ್ ಅನ್ನೋ ಬೇರೆ ಆಯ್ಕೆ ವ್ಯವಸ್ಥೆಗೆ. ಲಿನಕ್ಸ್ ಕಡೆ ಬೂಟ್ ಆರ್ಗ್ಯುಮೆಂಟುಗಳೂ (ಕರ್ನಲ್ ಶುರುವಾಗುವಾಗ ಕೊಡೋ ಆಯ್ಕೆಗಳು) ಇದೇ ಟ್ರೀ ಒಳಗೇ ಬರ್ತವೆ ನಿಜ, ಆದ್ರೆ ಅದಕ್ಕೆ ಚೋಸನ್ ಅಂತ ಪ್ರತ್ಯೇಕ ನೋಡ್ ಇಟ್ಟಿದಾರೆ, ಇದು ನಿಜವಾದ ಡಿವೈಸ್ ಅಲ್ಲ ಅಂತ ಸ್ಪೆಸಿಫಿಕೇಶನ್ನಲ್ಲೇ ಹೇಳಿದಾರೆ.